ಕೊಪ್ಪಳ ಸೀಮೆಯ ಖಳನಾಯಕ! ತೋಳಕ್ಕೆ ಅಂಟಿದ ಹೆಸರು ಖರೆಯೋ, ಸುಳ್ಳೋ?

ಸಿನಿಮಾದಲ್ಲಿ ಖಳನಾಯಕ ತೆರೆಯ ಮೇಲೆ ಕಾಲಿಡುವ ಮೊದಲೇ ನಮಗೆ ಗೊತ್ತಾಗಿಬಿಡುತ್ತದೆ. ಹಿನ್ನೆಲೆ ಸಂಗೀತ ಬದಲಾಗುತ್ತದೆ. ಬೂಟಿನ ಸದ್ದು ಕೇಳುತ್ತದೆ. ಗಾಂಧಿ ಕ್ಲಾಸಿನಲ್ಲಿ ಕೂತ ಹುಡುಗ "ಬಂದ ನೋಡಲೇ!" ಅಂತಾನೆ. ಆಸಾಮಿ ಇನ್ನೂ ಒಂದು ಮಾತು ಆಡಿಲ್ಲ, ಒಂದು ತಪ್ಪೂ ಮಾಡಿಲ್ಲ. ಆದರೂ ತೀರ್ಪು ಆಗಿಹೋಗಿರುತ್ತದೆ!

ನಮ್ಮ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲೂ ಅಂಥ ಖಳನಾಯಕ ಒಬ್ಬನಿದ್ದಾನೆ. ಸಂಭಾವನೆ ಇಲ್ಲ, ಮೇಕಪ್ ಇಲ್ಲ, ಅಭಿಮಾನಿ ಸಂಘವಂತೂ ಇಲ್ಲವೇ ಇಲ್ಲ. ತೂಕ 20 ಕಿಲೋ ಆಚೀಚೆ. ಬಣ್ಣ ನಮ್ಮ ಒಣಹುಲ್ಲಿನದು. ಕಣ್ಣು ಮಾತ್ರ ಜೇನಿನ ಬಣ್ಣದವು. ಪುಸ್ತಕದಲ್ಲಿ ಅವನ ಹೆಸರು ತೋಳ, ನಮ್ಮ ಕಡೆ ಮಾತಿನಲ್ಲಿ ತ್ವಾಳ.

ಹುಟ್ಟಿದಾಗಿನಿಂದ ಅವನ ಬಗ್ಗೆ ಕೇಳಿಕೊಂಡೇ ಬೆಳೆದವರು ನಾವು. ಒಂದನೇ ಇಯತ್ತೆಯಲ್ಲೇ "ತೋಳ ಬಂತು ತೋಳ" ಕತೆ. ಆ ಕತೆಯಲ್ಲಿ ಸುಳ್ಳು ಹೇಳಿದ್ದು ಕುರಿ ಕಾಯುವ ಹುಡುಗ, ಆದರೆ ಕೆಟ್ಟ ಹೆಸರು ಬಂದದ್ದು ತೋಳಕ್ಕೆ! ಆಮೇಲೆ ಗಾದೆಗಳು. "ಕುರಿ ಕಾಯೋಕೆ ತೋಳನ್ನ ಬಿಟ್ಟಂಗೆ." "ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು." ಈ ಎರಡನೆಯ ಗಾದೆಯನ್ನು ಸ್ವಲ್ಪ ನಿಂತು ಕೇಳಿರಿ. ಬಿದ್ದ ತೋಳ ಏನು ಮಾಡಿತ್ತು ಅಂತ ಯಾರೂ ಕೇಳುವುದಿಲ್ಲ. ಕಲ್ಲು ಮಾತ್ರ ಎಲ್ಲರ ಕೈಯಲ್ಲೂ ಸಿದ್ಧ!

ಸಿನಿಮಾ ಪತ್ರಿಕೆಯಲ್ಲಿ ತೋಳದ ಕತೆ ಯಾಕೆ ಅಂತ ಹುಬ್ಬೇರಿಸಬೇಡಿ, ಗೆಳೆಯರೇ. ಖಳನಾಯಕರ ವಿಷಯ ನಮಗೆ ಗೊತ್ತಿದ್ದಷ್ಟು ಬೇರೆ ಯಾರಿಗೆ ಗೊತ್ತು?

ಬಣ್ಣ ಬೇರೆ, ಮನುಷ್ಯ ಬೇರೆ

ವಜ್ರಮುನಿಯವರನ್ನೇ ನೆನೆಸಿಕೊಳ್ಳಿ. ಮನೆಯಲ್ಲಿಟ್ಟ ಹೆಸರು ಸದಾನಂದ ಸಾಗರ್. 1969ರಲ್ಲಿ ಪುಟ್ಟಣ್ಣ ಕಣಗಾಲರ 'ಮಲ್ಲಮ್ಮನ ಪವಾಡ'ದಿಂದ ಬೆಳ್ಳಿತೆರೆಗೆ ಬಂದ ಈ ನಟ ಕಣ್ಣು ಕೆಂಪಗೆ ಮಾಡಿ "ಯಲಾ ಕುನ್ನಿ!" ಅಂದರೆ ಟೆಂಟಿನಲ್ಲಿ ಕೂತ ಹೆಣ್ಣುಮಕ್ಕಳು ಶಾಪ ಹಾಕುತ್ತಿದ್ದರು. ಆದರೆ 2006ರಲ್ಲಿ ಅವರು ತೀರಿಕೊಂಡಾಗ ಜೊತೆಯಲ್ಲಿ ನಟಿಸಿದವರು ಹೇಳಿದ್ದೇನು? ಮೃದು ಮನುಷ್ಯ, ದೊಡ್ಡ ಮನಸ್ಸು, ಸೆಟ್ಟಿನಲ್ಲಿ ಎಲ್ಲರಿಗೂ ಬೇಕಾದವರು ಅಂತ. ಟೈಗರ್ ಪ್ರಭಾಕರ್ ಕೂಡ ಹೊಡೆದಾಟ, ಖಳಪಾತ್ರಗಳಿಂದಲೇ ಬಂದು ಹೀರೋ ಆದವರು. ನೋಡುವ ಜನ ಒಪ್ಪಿದರು, ಹಣೆಬರಹ ಬದಲಾಯಿತು.

ಅಂದಹಾಗೆ, "ಯಲಾ ಕುನ್ನಿ" ಅಂತ ನಾವೆಲ್ಲ ಚಪ್ಪಾಳೆ ಹೊಡೆದೆವಲ್ಲ, ಕುನ್ನಿ ಅಂದರೆ ಏನು? ನಾಯಿಮರಿ! ನಾಯಿ ಕುಲದ ಹೆಸರು ಬೈಗುಳವಾದದ್ದು ಇವತ್ತು ನಿನ್ನೆಯದಲ್ಲ.

ತೆರೆಯ ಮೇಲೆ ನಾಯಿಗಾದರೂ ಒಳ್ಳೆಯ ಪಾತ್ರ ಸಿಕ್ಕಿದೆ. 1985ರ ಹಿಂದಿ 'ತೇರಿ ಮೆಹರ್‌ಬಾನಿಯಾಂ'ನಲ್ಲಿ ಜಾಕಿ ಶ್ರಾಫ್‌ಗಿಂತ ನಾಯಿಗೇ ಸಿಳ್ಳೆ ಜಾಸ್ತಿ ಬಿತ್ತು. 2022ರ '777 ಚಾರ್ಲಿ' ನೋಡಿ ರಕ್ಷಿತ್ ಶೆಟ್ಟಿ ಜೊತೆ ಅಳದೇ ಹೊರಬಂದವರು ಯಾರು? ತೋಳಕ್ಕೆ ಮಾತ್ರ ಆ ಯೋಗ ಇಲ್ಲ. ಹಾಲಿವುಡ್ಡಿನಲ್ಲಿ 1941ರ 'ದಿ ವುಲ್ಫ್ ಮ್ಯಾನ್'ನಿಂದ ಹಿಡಿದು 2011ರಲ್ಲಿ ಲಿಯಾಮ್ ನೀಸನ್ ಹಿಮದಲ್ಲಿ ಒದ್ದಾಡಿದ 'ದಿ ಗ್ರೇ'ವರೆಗೆ ತೋಳ ಅಂದರೆ ಮನುಷ್ಯನ ಬೆನ್ನು ಹತ್ತುವ ರಾಕ್ಷಸ. 2022ರಲ್ಲಿ ಹಿಂದಿಯ ವರುಣ್ ಧವನ್ ಕೂಡ 'ಭೇಡಿಯಾ' ಆಗಿ ಗುರುಗುಟ್ಟಿದ್ದಾಯಿತು.

ಒಂದೇ ಒಂದು ಕತೆ ಇದಕ್ಕೆ ವಿರುದ್ಧ ನಿಲ್ಲುತ್ತದೆ, ಮೋಗ್ಲಿಯದು. ತೋಳಗಳು ಸಾಕಿ ಬೆಳೆಸಿದ ಹುಡುಗ. 1942ರ ಹಾಲಿವುಡ್ 'ಜಂಗಲ್ ಬುಕ್'ನಲ್ಲಿ ಆ ಮೋಗ್ಲಿ ಆದವನು ಯಾರು ಗೊತ್ತೇ? ನಮ್ಮ ಮೈಸೂರು ಸೀಮೆಯ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಮಾವುತನ ಮಗ ಸಾಬು! 1937ರ 'ಎಲಿಫೆಂಟ್ ಬಾಯ್'ನಿಂದ ಜಗತ್ಪ್ರಸಿದ್ಧನಾದ ಹುಡುಗ. ತೋಳವನ್ನು ಅವ್ವ ಅಂತ ಕರೆದ ಪಾತ್ರವನ್ನು ಜಗತ್ತಿಗೆ ತೋರಿಸಿದವನು ಕನ್ನಡ ನೆಲದವನು. ಇದನ್ನು ನಾವು ಮರೆತುಬಿಟ್ಟಿದ್ದೇವೆ.

ಹೆಸರು ಕೇಳಿಯೇ ಶಿಕ್ಷೆ

ಹೆಸರು ಕೇಳಿದ ಕೂಡಲೇ ಶಿಕ್ಷೆ ಕೊಡುವ ಚಾಳಿ ತೋಳಕ್ಕೆ ಮಾತ್ರ ಸೀಮಿತವಲ್ಲ. ಪಿಟ್‌ಬುಲ್ ನಾಯಿಯ ರಗಳೆ ನಿಮಗೆ ನೆನಪಿರಬೇಕು. 2022ರ ಜುಲೈನಲ್ಲಿ ಲಕ್ನೋದಲ್ಲಿ ಮನೆಯಲ್ಲೇ ಸಾಕಿದ ಪಿಟ್‌ಬುಲ್ಲು ವಯಸ್ಸಾದ ಒಡತಿಯನ್ನು ಕೊಂದಿತು. ದೇಶವೆಲ್ಲ ಬೆಚ್ಚಿತು. 2024ರ ಮಾರ್ಚ್ 12ರಂದು ಕೇಂದ್ರ ಸರ್ಕಾರ 23 ತಳಿಗಳನ್ನು ತರಿಸಬಾರದು, ಮಾರಬಾರದು, ಸಾಕಬಾರದು ಅಂತ ಸುತ್ತೋಲೆ ಹೊರಡಿಸಿತು. ಪಟ್ಟಿಯ ಮೊದಲಲ್ಲೇ ಪಿಟ್‌ಬುಲ್. ಬೆಂಗಳೂರಿನ ನಾಯಿಪ್ರಿಯರು ಹೈಕೋರ್ಟಿಗೆ ಹೋದರು. 2024ರ ಏಪ್ರಿಲ್ 10ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಆ ಸುತ್ತೋಲೆಯನ್ನು ಕರ್ನಾಟಕದ ಮಟ್ಟಿಗೆ ರದ್ದು ಮಾಡಿದರು. ಸಂಬಂಧಪಟ್ಟ ಯಾರನ್ನೂ ಕೇಳದೆ ಮಾಡಿದ್ದು ಸರಿಯಲ್ಲ, ಕಾನೂನಿನ ಪ್ರಕಾರ ಎಲ್ಲರ ಮಾತು ಕೇಳಿ ಹೊಸದಾಗಿ ಬೇಕಾದರೆ ಮಾಡಿ ಅನ್ನುವುದು ತೀರ್ಪಿನ ಸಾರ.

ಪಿಟ್‌ಬುಲ್ ಪಾಪದ ಪ್ರಾಣಿ ಅಂತ ಕೋರ್ಟು ಹೇಳಲಿಲ್ಲ. ಕಚ್ಚಿ ಹಿಡಿದರೆ ಬಿಡದ ಹಾಗೆ, ನಾಯಿ ಕಾಳಗಕ್ಕೆಂದೇ ಮನುಷ್ಯ ತಲೆಮಾರುಗಟ್ಟಲೆ ಆರಿಸಿ ಬೆಳೆಸಿದ ತಳಿ ಅದು. ಆದರೆ ಅದೇ ಜಾತಿಯ 'ಪೀಟ್' ಅನ್ನುವ ನಾಯಿ, ಕಣ್ಣಿನ ಸುತ್ತ ಕಪ್ಪು ಉಂಗುರ ಬಳಿಸಿಕೊಂಡು, ಹಾಲಿವುಡ್ಡಿನ 'ಅವರ್ ಗ್ಯಾಂಗ್' ಮಕ್ಕಳ ಚಿತ್ರಗಳಲ್ಲಿ ವರ್ಷಗಟ್ಟಲೆ ಪುಟ್ಟ ಹುಡುಗರ ಜೊತೆ ಆಡಿಕೊಂಡಿತ್ತು. 2007ರಲ್ಲಿ ಅಮೆರಿಕದ ಫುಟ್‌ಬಾಲ್ ಸ್ಟಾರ್ ಮೈಕೇಲ್ ವಿಕ್ ನಾಯಿ ಕಾಳಗದ ಕೇಸಿನಲ್ಲಿ ಸಿಕ್ಕಿಬಿದ್ದ. ಅವನ ಜಾಗದಲ್ಲಿ ಸಿಕ್ಕ ಸುಮಾರು 50 ಪಿಟ್‌ಬುಲ್‌ಗಳಲ್ಲಿ ಹೆಚ್ಚಿನವು ಬದುಕಿ ಉಳಿದವು. ಎಷ್ಟೋ ಸಂಸಾರದ ಮನೆ ಸೇರಿದವು. ತಳಿಯದೂ ಪಾಲಿದೆ, ಸಾಕುವವನದೂ ಪಾಲಿದೆ. ಹಾಗಾದರೆ ಯಾರೂ ಸಾಕದ, ಯಾರೂ ಕಟ್ಟಿಹಾಕದ ತೋಳದ ಪಾಲು ಎಷ್ಟು?

ಮೊದಲು ಆರೋಪಪಟ್ಟಿ ಓದೋಣ. ಕೋರ್ಟ್ ಸೀನಿನಲ್ಲಿ ಪ್ರಾಸಿಕ್ಯೂಷನ್ ವಕೀಲರು ಮೊದಲು ಮಾತಾಡಬೇಕಲ್ಲ!

ಆರೋಪ ಒಂದು: ಮಕ್ಕಳನ್ನು ಒಯ್ಯುತ್ತದೆ

ಇದು ಸುಳ್ಳಲ್ಲ. ಮುಚ್ಚಿಡುವುದೂ ಬೇಡ. ಹಜಾರಿಬಾಗ್ ಕಡೆ 1980ರ ದಶಕದಲ್ಲಿ ಒಮ್ಮೆ, 1990ರ ದಶಕದಲ್ಲಿ ಮತ್ತೊಮ್ಮೆ ತೋಳಗಳು ಮಕ್ಕಳನ್ನು ಕೊಂದವು. 1996ರಲ್ಲಿ ಉತ್ತರ ಪ್ರದೇಶದ ಪೂರ್ವ ಜಿಲ್ಲೆಗಳಲ್ಲಿ ಹತ್ತಾರು ಮಕ್ಕಳು ಸತ್ತರು. 2024ರ ಮಳೆಗಾಲದಲ್ಲಿ ಅದೇ ರಾಜ್ಯದ ಬಹ್ರೈಚ್‌ನಲ್ಲಿ ಸುಮಾರು ಹತ್ತು ಮಂದಿ ಸತ್ತರು, ಬಹುಪಾಲು ಮಕ್ಕಳೇ. ಡ್ರೋನು ಹಾರಿಸಿ, ಬೋನಿಟ್ಟು 'ಆಪರೇಷನ್ ಭೇಡಿಯಾ' ನಡೆಸಬೇಕಾಯಿತು. ಮಗು ಕಳೆದುಕೊಂಡ ತಾಯಿಯ ಮುಂದೆ ನಿಂತು ತೋಳ ಸಾಧು ಪ್ರಾಣಿ ಅಂತ ಹೇಳುವ ಎದೆ ನನಗಿಲ್ಲ. ಯಾರಿಗೂ ಇರಬಾರದು.

ಆದರೆ ಮುಂದಿನ ರೀಲು ನೋಡಿ. 1996ರ ಘಟನೆಗಳನ್ನು ವಿಜ್ಞಾನಿ ವೈ.ವಿ. ಝಾಲಾ ಮತ್ತು ಜೊತೆಗಾರರು ಹಳ್ಳಿಹಳ್ಳಿ ತಿರುಗಿ ಪರಿಶೀಲಿಸಿದರು. ಅವರ ಪ್ರಕಾರ ಇದು ಆ ಸೀಮೆಯ ಎಲ್ಲ ತೋಳಗಳ ಕೆಲಸವಲ್ಲ, ದಾರಿ ತಪ್ಪಿದ ಒಂದು ತೋಳ ಅಥವಾ ಒಂದು ಗುಂಪಿನದು. ಬೇಟೆಗೆ ಕಾಡುಪ್ರಾಣಿ ಇಲ್ಲದ ಕಡೆ, ದನಕರು ಭದ್ರವಾಗಿ ಕಟ್ಟಿದ್ದು ಮಕ್ಕಳೇ ಒಂಟಿಯಾಗಿ ಹೊರಗಿರುವ ಕಡೆ, ಬಾಗಿಲಿಲ್ಲದ ಗುಡಿಸಲುಗಳ ಬಡತನ ಇರುವ ಕಡೆ ಇಂಥದ್ದು ನಡೆಯುತ್ತದೆ. ಜೊತೆಗೆ ಆಗ ಗಾಳಿಸುದ್ದಿ ಹಬ್ಬಿತು. ತೋಳದ ವೇಷದ ಮನುಷ್ಯ ಬರುತ್ತಾನೆ ಅಂತ! ಆ ಮಾತು ನಂಬಿದ ಜನ ಅಪರಿಚಿತ ಮನುಷ್ಯರನ್ನೇ ಹೊಡೆದರು. ತೋಳಕ್ಕಿಂತ ತೋಳದ ಸುದ್ದಿ ಹೆಚ್ಚು ಕಚ್ಚುತ್ತದೆ ಅನ್ನುವುದಕ್ಕೆ ಇದೇ ಸಾಕ್ಷಿ.

ನಮ್ಮ ಸೀಮೆಯಲ್ಲಿ? ಇಲ್ಲಿ ತ್ವಾಳದ ಮಾತು ತೆಗೆದರೆ ಹಿರಿಯರ ಬಾಯಲ್ಲಿ ಬರುವ ಲೆಕ್ಕ ಕುರಿಯದು, ಮರಿಯದು, ಆಡಿನದು. ಹಾಗಾಗಿ ಎರಡನೇ ಆರೋಪವೇ ನಮಗೆ ಮುಖ್ಯ.

ಆರೋಪ ಎರಡು: ಕುರಿ ಕದಿಯುತ್ತದೆ

ನೂರಕ್ಕೆ ನೂರು ಖರೆ!

ಗಂಗಾವತಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆ ನೀರು, ಕಣ್ಣು ಹಾಯುವಷ್ಟು ಭತ್ತ. ಅಲ್ಲಿಂದ ಕುಷ್ಟಗಿ, ಯಲಬುರ್ಗಾ ದಾರಿ ಹಿಡಿದರೆ ನೆಲದ ಬಣ್ಣವೇ ಬೇರೆ. ಮಸಾರಿ ಹೊಲ, ಎರಿ ಹೊಲ, ನಡುವೆ ಬೋಳುಗುಡ್ಡ, ಹುಲ್ಲಿನ ಬಯಲು. ಸಜ್ಜಿ, ಜೋಳ, ಕಡ್ಲಿ, ಮತ್ತೆ ಕುರಿ. ಈ ಒಣ ಸೀಮೆಯ ಬ್ಯಾಂಕು ಅಂದರೆ ಕುರಿ ಹಿಂಡು. ಮಗಳ ಮದುವೆಗೆ ನಾಲ್ಕು, ಆಸ್ಪತ್ರೆ ಖರ್ಚಿಗೆ ಎರಡು, ಹೀಗೆ ಮುರಿಸಿಕೊಳ್ಳುವ ಜೀವಂತ ದುಡ್ಡು. ಸುಗ್ಗಿ ಮುಗಿದ ಮೇಲೆ ಕುರಿಗಾರರು ಸಂಸಾರ, ಕುದುರೆ, ಕಂಬಳಿ, ನಾಯಿ ಸಮೇತ ಊರೂರು ತಿರುಗುತ್ತಾರೆ. ರಾತ್ರಿ ರೈತನ ಹೊಲದಲ್ಲಿ ಕುರಿ ತರುಬುತ್ತಾರೆ. ಹೊಲಕ್ಕೆ ಗೊಬ್ಬರ, ಕುರಿಗಾರನಿಗೆ ಕಾಳು ಇಲ್ಲವೇ ರೊಕ್ಕ.

ತೋಳ ಬರುವುದು ಅಲ್ಲಿಗೆ. ಒಂದು ತೋಳ ಒಂದು ಕಡೆ ಕಾಣಿಸಿಕೊಂಡು ನಾಯಿಗಳನ್ನು ಎಳೆದುಕೊಂಡು ಹೋಗುತ್ತದಂತೆ, ಇನ್ನೊಂದು ಹಿಂದಿನಿಂದ ನುಗ್ಗುತ್ತದಂತೆ. ಕುರಿಗಾರರು ಹೇಳುವ ಈ ಕತೆ ಕೇಳಿದರೆ ನಮ್ಮ ಸ್ಟಂಟ್ ಮಾಸ್ಟರುಗಳೇ ತಲೆಬಾಗಬೇಕು! ಒಳಗೆ ನುಗ್ಗಿದ ತೋಳ ಕೆಲವೊಮ್ಮೆ ಗಾಬರಿಬಿದ್ದ ಹಿಂಡಿನಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಕುರಿಗಳ ಕುತ್ತಿಗೆಗೆ ಬಾಯಿ ಹಾಕುವುದೂ ಉಂಟು. ಒಂದೇ ರಾತ್ರಿಯಲ್ಲಿ ಸಾವಿರಗಟ್ಟಲೆ ನಷ್ಟ. ಸರ್ಕಾರದ ಪರಿಹಾರ ಉಂಟು. ಆದರೆ ಸತ್ತ ಕುರಿ ಇರಬೇಕು, ಪಂಚನಾಮೆ ಆಗಬೇಕು, ಪಶುವೈದ್ಯರ ಚೀಟಿ ಬೇಕು. ತೋಳ ಹೊತ್ತೊಯ್ದ ಮರಿಯ ಹೆಣ ಎಲ್ಲಿಂದ ತರುವುದು? ನಾಳೆ ಬೇರೆ ಊರಿಗೆ ಹೊರಟ ಹಿಂಡು ಆಫೀಸಿನ ಮುಂದೆ ಎಷ್ಟು ದಿನ ಕೂತೀತು?

ಯಲಬುರ್ಗಾ ಕಡೆ ಹೊಲವೊಂದರಲ್ಲಿ ಕುರಿ ತರುಬಿದ್ದ ಮುದುಕರೊಬ್ಬರನ್ನು ನಾನು ನೇರವಾಗಿಯೇ ಕೇಳಿದೆ.

"ಯಜ್ಜಾ, ತ್ವಾಳ ಕಂಡ್ರ ಸಿಟ್ಟು ಬರಂಗಿಲ್ಲೇನು?"

"ಸಿಟ್ಟು ಬರದ ಇರತೈತೇನೋ ತಮ್ಮಾ? ಬಡಿಗಿ ತಗೊಂಡು ಬೆನ್ನು ಹತ್ತತೀವಿ. ಆದ್ರ ಅದಕೂ ಹೊಟ್ಟಿ ಐತಲ್ಲ. ಅದು ಒಯ್ಯೂದು ಒಂದು ಮರಿ. ಬ್ಯಾನಿ ಬಂದ್ರ ಹಿಂಡಿಗೆ ಹಿಂಡ ಹೋಕ್ಕೈತಿ. ಕಳ್ಳರು ರಾತ್ರಿ ಗಾಡಿ ತಂದು ಹೇರಿಕೊಂಡು ಹೋದ್ರ ಏನ್ ಮಾಡೂದು?"

ಪಿಯುಸಿ ಅರ್ಧಕ್ಕೆ ಬಿಟ್ಟ ನನಗೆ ಇಷ್ಟು ಚೊಕ್ಕವಾಗಿ ಅರ್ಥಶಾಸ್ತ್ರ ಯಾವ ಮೇಷ್ಟರೂ ಹೇಳಿಕೊಟ್ಟಿರಲಿಲ್ಲ! ಕುರಿಗಾರನಿಗೆ ತೋಳ ಶತ್ರು ಹೌದು. ಆದರೆ ಅವನ ಶತ್ರುಗಳ ಪಟ್ಟಿಯಲ್ಲಿ ಅದು ಮೊದಲನೆಯದಲ್ಲ. ನಷ್ಟ ಅನುಭವಿಸುವವನು ತೂಗಿ ಮಾತಾಡುತ್ತಾನೆ. ಒಂದೇ ಒಂದು ಕುರಿ ಕಳೆದುಕೊಳ್ಳದ ನಾವು ಮೊಬೈಲಿನಲ್ಲಿ ವೀಡಿಯೋ ನೋಡಿ "ಹೊಡೀರಿ, ಕೊಲ್ರಿ" ಅಂತೀವಿ.

ಆದರೆ ಎಲ್ಲ ಕುರಿಗಾರರೂ ಆ ಅಜ್ಜನಷ್ಟು ಸಮಾಧಾನಿಗಳಲ್ಲ. ದಕ್ಖನ್ನಿನ ಬಯಲುಗಳಲ್ಲಿ ತೋಳದ ಗೂಡು ಹುಡುಕಿ, ಬಾಯಿಗೆ ಕಲ್ಲು ಮುಚ್ಚಿ, ಹೊಗೆ ಹಾಕಿ ಮರಿಗಳನ್ನು ಕೊಲ್ಲುವುದು ಹಳೆಯ ರೂಢಿ. ಸತ್ತ ಕುರಿಗೆ ವಿಷ ಸವರಿ ಇಡುವವರೂ ಇದ್ದಾರೆ. ಇದು ಆಟದ ಮಾತಲ್ಲ. ತೋಳ 1972ರ ವನ್ಯಜೀವಿ ಕಾಯಿದೆಯ ಮೊದಲನೇ ಅನುಸೂಚಿಯ ಪ್ರಾಣಿ. ಹುಲಿಗೆ ಇರುವ ರಕ್ಷಣೆಯೇ ಅದಕ್ಕೂ ಇದೆ. ಕೊಂದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು, ಮೇಲೆ 25,000 ರೂಪಾಯಿಗೆ ಕಡಿಮೆ ಇಲ್ಲದ ದಂಡ.

ಕ್ಯಾಮರಾ ಗೂಡಿನ ಒಳಗೆ ಹೋದರೆ...

ಈಗ ಡಿಫೆನ್ಸ್ ಲಾಯರ್ ಎದ್ದು ನಿಲ್ಲುವ ಹೊತ್ತು.

ತೋಳದ ಗುಂಪು ಅಂದರೆ ಡಕಾಯಿತರ ಗ್ಯಾಂಗು ಅಂತ ನಾವು ತಿಳಿದಿದ್ದೇವೆ. ಅಲ್ಲ ಸ್ವಾಮಿ, ಅದೊಂದು ಸಂಸಾರ! ಅಪ್ಪ, ಅವ್ವ, ಈ ವರ್ಷದ ಮರಿಗಳು, ಹೋದ ವರ್ಷದ ಅಕ್ಕ-ಅಣ್ಣಂದಿರು. ನಮ್ಮ ಬಯಲುಸೀಮೆಯಲ್ಲಿ ಗುಂಪು ದೊಡ್ಡದಿರುವುದಿಲ್ಲ, ನಾಲ್ಕೈದು ಇದ್ದರೆ ಅದೇ ತುಂಬಿದ ಮನೆ. ಚಳಿಗಾಲದ ಹೊತ್ತಿಗೆ ಬಂಡೆಯ ಸಂದಿಯಲ್ಲೋ ಮಣ್ಣಿನ ಬಿಲದಲ್ಲೋ ಅವ್ವ ಮರಿ ಹಾಕುತ್ತದೆ. ಆಗ ಅಪ್ಪ ರಾತ್ರಿಯೆಲ್ಲ ಕಿಲೋಮೀಟರುಗಟ್ಟಲೆ ಓಡಾಡಿ ಬೇಟೆಯಾಡಿ, ತಿಂದದ್ದನ್ನು ಬಂದು ಮರಿಗಳ ಮುಂದೆ ಕಕ್ಕುತ್ತದೆ. ದೊಡ್ಡ ಅಕ್ಕ-ಅಣ್ಣಂದಿರು ತಮ್ಮ-ತಂಗಿಯರನ್ನು ಕಾಯುತ್ತಾರೆ. ವಯಸ್ಸಿಗೆ ಬಂದ ಮರಿ ಮನೆ ಬಿಟ್ಟು ದೂರ ಹೋಗಿ ಬೇರೆ ಸಂಗಾತಿ ಹುಡುಕಿಕೊಳ್ಳುತ್ತದೆ. ಇದರಲ್ಲಿ ಯಾವುದು ಖಳನಾಯಕನ ಪಾತ್ರ? ಇದು ನಮ್ಮ ಪಂಡರಿಬಾಯಿ-ಅಶ್ವತ್ಥರ ಸಾಂಸಾರಿಕ ಚಿತ್ರ!

ಕುರಿ ಸಿಗದಾಗ ಮೊಲ, ಹೆಗ್ಗಣ, ಇಲಿ, ಕೃಷ್ಣಮೃಗ ಅದರ ಊಟ. ಯಲಬುರ್ಗಾ, ಕುಕನೂರು ಕಡೆ ರೈತರನ್ನು ಕೇಳಿ, ಚಿಗರಿ ಹಿಂಡು ಬಂದು ಬೆಳೆ ಮೇಯ್ದು ಹೋಗುತ್ತದೆ ಅಂತ ಅಳುತ್ತಾರೆ. ಚಿಗರಿ ತಿನ್ನುವ ತೋಳವನ್ನು ಓಡಿಸಿ, ಚಿಗರಿ ಹೆಚ್ಚಾಯಿತು ಅಂತ ಅರ್ಜಿ ಬರೆಯುವವರೂ ನಾವೇ.

ವಯಸ್ಸಿನ ವಿಷಯಕ್ಕೆ ಬಂದರೆ, ಇವನು ಹಿರಿಯ ಕಲಾವಿದ. ಜಗತ್ತಿನ ತೋಳಗಳಲ್ಲೇ ತೀರಾ ಪುರಾತನ ವಂಶಗಳಲ್ಲಿ ಭಾರತದ ತೋಳ ಒಂದು ಅಂತ 2021ರಲ್ಲಿ ವಂಶವಾಹಿ ಅಧ್ಯಯನ ತೋರಿಸಿತು. ಎಷ್ಟು ಉಳಿದಿವೆ? 2025ರಲ್ಲಿ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಕೊಟ್ಟ ಅಂದಾಜು ಭಾರತ-ಪಾಕಿಸ್ತಾನ ಎರಡೂ ಸೇರಿ 3,000ದ ಆಸುಪಾಸು. ಹುಲಿಗಳು? 2022ರ ಗಣತಿಯಲ್ಲಿ ಭಾರತ ಒಂದರಲ್ಲೇ 3,682! ಅಂದರೆ ಕಂಬದ ಮೇಲೆ ಪೋಸ್ಟರು ಬಿದ್ದಿರುವ ಹುಲಿಗಿಂತ ನಮ್ಮ ಹೊಲದ ಬದುವಿನ ತ್ವಾಳವೇ ಅಪರೂಪ.

ಇಷ್ಟು ಕಡಿಮೆ ಆದದ್ದು ತಾನಾಗಿ ಅಲ್ಲ. ಬ್ರಿಟಿಷರ ಕಾಲದಲ್ಲಿ ತೋಳ ಕೊಂದು ತಂದವನಿಗೆ ಇನಾಮು ಇತ್ತು. 1875ರಿಂದ 1925ರವರೆಗೆ ಐವತ್ತು ವರ್ಷಗಳಲ್ಲಿ ಸುಮಾರು 2 ಲಕ್ಷ ತೋಳಗಳು ಸತ್ತವು ಅಂತ ಇತಿಹಾಸಕಾರ ಮಹೇಶ ರಂಗರಾಜನ್ ಲೆಕ್ಕ ತೆಗೆದಿದ್ದಾರೆ. ಗಾದೆಯಲ್ಲಿ ಆಳಿಗೊಂದು ಕಲ್ಲು. ಆಗ ಕಲ್ಲಿಗೊಂದು ಇನಾಮು!

ನಿಜವಾದ ವಿಲನ್‌ಗಳು ಯಾರು?

ಒಳ್ಳೆಯ ಸಸ್ಪೆನ್ಸ್ ಚಿತ್ರದಲ್ಲಿ ಇಂಟರ್ವಲ್ ಆದ ಮೇಲೆ ಗೊತ್ತಾಗುತ್ತದೆ, ಕೆಟ್ಟವನು ಅಂದುಕೊಂಡವನು ಕೆಟ್ಟವನಲ್ಲ, ಕೊಲೆಗಾರ ಬೇರೆಯೇ ಇದ್ದಾನೆ ಅಂತ. ಇಲ್ಲೂ ಹಾಗೆಯೇ.

ಒಬ್ಬ ಆರೋಪಿ 'ಬಂಜರು' ಅನ್ನುವ ಶಬ್ದ. ಸರ್ಕಾರಿ ಕಾಗದದಲ್ಲಿ ನಮ್ಮ ಹುಲ್ಲುಬಯಲು, ಗಾಯರಾಣ ಎಲ್ಲ ಕೆಲಸಕ್ಕೆ ಬಾರದ ಭೂಮಿ. ಮರ ಇಲ್ಲದ ಜಾಗ ಕಾಡಲ್ಲ ಅಂತ ನಮ್ಮ ನಂಬಿಕೆ. ಆದರೆ ತೋಳ, ನರಿ, ಚಿಗರಿ, ಕತ್ತೆಕಿರುಬ, ಎರೆಭೂತ ಹಕ್ಕಿ ಇವಕ್ಕೆಲ್ಲ ಆ ಬಯಲೇ ಕಾಡು. ಅಲ್ಲಿಗೆ ಗಾಳಿಯಂತ್ರ ಬಂತು, ಸೋಲಾರ್ ಬೇಲಿ ಬಂತು, ಗುಡ್ಡಕ್ಕೆ ಗ್ರಾನೈಟಿನ ಜೆಸಿಬಿ ಬಂತು. ಕರೆಂಟು ಬೇಡ ಅಂತ ನಾನು ಹೇಳುತ್ತಿಲ್ಲ. ಬೇಲಿ ಹಾಕಿದ ಪ್ರತಿ ಎಕರೆ ಕುರಿಯದೂ ತೋಳದ್ದೂ ಒಟ್ಟಿಗೇ ಹೋಗುತ್ತದೆ ಅಂತ ಹೇಳುತ್ತಿದ್ದೇನೆ ಅಷ್ಟೆ. ಮೇವಿಲ್ಲದೆ ಕುರಿ ಹಿಂಡು ಇಕ್ಕಟ್ಟಾದರೆ, ಜಾಗವಿಲ್ಲದೆ ತೋಳ ಇಕ್ಕಟ್ಟಾದರೆ, ಇಬ್ಬರೂ ಒಂದೇ ಮೂಲೆಯಲ್ಲಿ ಎದುರುಬದುರು ನಿಲ್ಲಬೇಕಾಗುತ್ತದೆ. ಆಗ ಜಗಳ ಗ್ಯಾರಂಟಿ.

ಇನ್ನೊಬ್ಬ ಆರೋಪಿಯ ಹೆಸರು ಕೇಳಿದರೆ ನಿಮಗೆ ಆಶ್ಚರ್ಯವಾದೀತು. ನಾಯಿ! ಹೌದು, ಬೀದಿ ನಾಯಿ. ಊರ ಹೊರಗೆ ಸುರಿಯುವ ಕೋಳಿ ಅಂಗಡಿಯ ಕಸ, ಎಸೆದ ಹೆಣ ತಿಂದು ಬೆಳೆದ ನಾಯಿ ಹಿಂಡುಗಳು ಬಯಲಿಗೆ ಇಳಿಯುತ್ತವೆ. ಅವು ಮರಿ ಚಿಗರಿಯನ್ನೂ ಕೊಲ್ಲುತ್ತವೆ, ಕುರಿಯನ್ನೂ ಹಿಡಿಯುತ್ತವೆ. ಆದರೆ ಕೇಸು ಬೀಳುವುದು ತೋಳದ ಮೇಲೆ. ನಾಯಿಗಳಿಂದ ರೇಬೀಸ್, ಡಿಸ್ಟೆಂಪರ್ ರೋಗಗಳು ತೋಳಕ್ಕೆ ಹತ್ತುತ್ತವೆ. ಹುಚ್ಚು ಹಿಡಿದ ತೋಳ ಹಗಲಲ್ಲೇ ಊರಿಗೆ ನುಗ್ಗಿ ಸಿಕ್ಕವರನ್ನು ಕಚ್ಚಿದರೆ ಆ ಹೆಸರು ಇಡೀ ಕುಲಕ್ಕೆ. ಸಾಲದ್ದಕ್ಕೆ ನಾಯಿ-ತೋಳ ಕೂಡಿ ಮಿಶ್ರತಳಿ ಹುಟ್ಟುತ್ತಿದೆ. ಪುಣೆ ಹತ್ತಿರ ಇದು ಖಚಿತವಾಗಿ 2023ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಗುಂಡು ಹಾರಿಸದೆ, ವಿಷ ಹಾಕದೆ, ಒಂದು ವಂಶ ಅಳಿಸಿಹೋಗುವ ರೀತಿ ಇದು.

ಭಾರತದಲ್ಲಿ ರೇಬೀಸ್‌ನಿಂದ ಪ್ರತಿವರ್ಷ ಸಾವಿರಾರು ಜನ ಸಾಯುತ್ತಾರೆ. ಅದರಲ್ಲಿ ಬಹುತೇಕ ನಾಯಿ ಕಡಿತದಿಂದ. 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟು ಶಾಲೆ, ಆಸ್ಪತ್ರೆ, ರೈಲ್ವೆ ಸ್ಟೇಷನ್, ಬಸ್ ಸ್ಟ್ಯಾಂಡುಗಳಿಂದ ಬೀದಿ ನಾಯಿ ತೆರವು ಮಾಡಿ ಅಂತ ಆದೇಶ ಕೊಡುವ ಮಟ್ಟಕ್ಕೆ ವಿಷಯ ಹೋಯಿತು. ಈ ಪತ್ರಿಕೆಯನ್ನು ನೀವು ಬಸ್ ಸ್ಟ್ಯಾಂಡಿನಲ್ಲೇ ಕೊಂಡಿದ್ದರೆ ಬೆಂಚಿನ ಕೆಳಗೆ ಒಮ್ಮೆ ನೋಡಿಕೊಳ್ಳಿ. ಅಲ್ಲಿ ಮಲಗಿರುವುದು ತೋಳ ಅಲ್ಲವಲ್ಲ? ಆದರೂ ರಾತ್ರಿ ಕನಸಿನಲ್ಲಿ ನಮ್ಮನ್ನು ಹೆದರಿಸುವುದು ತೋಳವೇ! ನಾಯಿಯನ್ನು ಕೆಟ್ಟದ್ದು ಅನ್ನುತ್ತಿಲ್ಲ. ಲಸಿಕೆ ಹಾಕಿಸದ, ಸಾಕಿ ಬೇಸರವಾದಾಗ ರಸ್ತೆಗೆ ಬಿಡುವ, ಕಸ ಬಯಲಿಗೆ ಎಸೆಯುವ ಕೈ ಯಾರದು ಅಂತ ಕೇಳುತ್ತಿದ್ದೇನೆ.

ಬಂಕಾಪುರದ ಎಂಟು ಮರಿ

ಕತೆಯಲ್ಲಿ ಒಂದು ಒಳ್ಳೆಯ ತಿರುವು ಉಂಟು. ಅದೂ ನಮ್ಮ ಜಿಲ್ಲೆಯಲ್ಲೇ.

ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ಸುಮಾರು 332 ಹೆಕ್ಟೇರ್, ಅಂದರೆ 820 ಎಕರೆಯಷ್ಟು ಗುಡ್ಡ-ಬಯಲನ್ನು ತೋಳಧಾಮ ಅಂತ ಸರ್ಕಾರ ಮಾಡಿದೆ. ನವಿಲಿಗೆ ಹೆಸರಾದ ಹಾವೇರಿ ಜಿಲ್ಲೆಯ ಬಂಕಾಪುರ ಬೇರೆ, ಇದು ಬೇರೆ. ತೋಳಕ್ಕಾಗಿ ಜಾಗ ಮೀಸಲಿಟ್ಟದ್ದು ದೇಶದಲ್ಲೇ ಬೆರಳೆಣಿಕೆ. ನಮ್ಮ ಮೇಲುಕೋಟೆ ವನ್ಯಧಾಮ 1974ರದ್ದು, ಜಾರ್ಖಂಡಿನ ಮಹುವಾಡಾಂಡ್ 1976ರದ್ದು. ಆ ಸಣ್ಣ ಪಟ್ಟಿಗೆ ಈಗ ಕೊಪ್ಪಳ ಸೇರಿತು. 2025ರ ಮಾರ್ಚಿನಲ್ಲಿ ಸುದ್ದಿ ಬಂತು: ಬಂಕಾಪುರದಲ್ಲಿ ಹೆಣ್ಣು ತೋಳವೊಂದು ಎಂಟು ಮರಿ ಹಾಕಿದೆ! ಹಂಪಿ ನೋಡಲು ಬರುವವರು, ಅಂಜನಾದ್ರಿ ಹತ್ತಲು ಬರುವವರು ಲಕ್ಷಗಟ್ಟಲೆ. ಅವರಿಗೆ ಗೊತ್ತಿಲ್ಲ, ಅಲ್ಲಿಂದ ಸ್ವಲ್ಪ ದೂರದಲ್ಲೇ ಎಂಟು ಪುಟ್ಟ 'ಖಳನಾಯಕರು' ಅವ್ವನ ಬಾಲ ಹಿಡಿದು ಆಡುತ್ತಿದ್ದವು ಅಂತ.

ಆದರೆ ಖುಷಿಯಲ್ಲಿ ಮೈಮರೆಯುವ ಹಾಗಿಲ್ಲ. ಒಂದು ರಾತ್ರಿಯಲ್ಲಿ ಹತ್ತಿಪ್ಪತ್ತು ಕಿಲೋಮೀಟರ್ ನಡೆಯುವ ಪ್ರಾಣಿಗೆ 820 ಎಕರೆ ಅಂದರೆ ಅಂಗಳ ಇದ್ದ ಹಾಗೆ, ಮನೆಯಲ್ಲ. ಮರಿಗಳು ಬೆಳೆದ ಮೇಲೆ ಹೊರಗೆ ಬರಲೇಬೇಕು. ಕುಷ್ಟಗಿಯ ಗುಡ್ಡಕ್ಕೆ, ಯಲಬುರ್ಗಾದ ಎರಿ ಹೊಲಕ್ಕೆ, ಕೊಪ್ಪಳದ ಬಯಲಿಗೆ. ಅಲ್ಲಿ ಅವಕ್ಕೆ ಬೇಲಿ ಸಿಗುತ್ತದೆಯೋ, ನಾಯಿ ಹಿಂಡು ಸಿಗುತ್ತದೆಯೋ, ವಿಷ ಸವರಿದ ಕುರಿ ಸಿಗುತ್ತದೆಯೋ? ತೋಳದ ಭವಿಷ್ಯ ಇರುವುದು ಧಾಮದ ಒಳಗಲ್ಲ, ಕುರಿಗಾರನ ಹಟ್ಟಿಯ ಪಕ್ಕದಲ್ಲಿ. ಅದಕ್ಕೇ ಪರಿಹಾರದ ದುಡ್ಡು ತಿಂಗಳುಗಟ್ಟಲೆ ತಡವಾಗಬಾರದು. ಊರೂರು ತಿರುಗುವ ಕುರಿಗಾರ ಯಾವ ತಾಲ್ಲೂಕಿನಲ್ಲಿದ್ದರೂ ಅರ್ಜಿ ಕೊಡುವಂತಿರಬೇಕು. ರಾತ್ರಿ ತರುಬಲು ಗಟ್ಟಿ ಬಲೆ, ಒಳ್ಳೆಯ ಟಾರ್ಚು, ಕಾವಲು ನಾಯಿಗಳಿಗೆ ಪುಕ್ಕಟೆ ಲಸಿಕೆ, ಇಷ್ಟು ಕೊಟ್ಟರೆ ಅರ್ಧ ಜಗಳ ಮುಗಿಯುತ್ತದೆ. ಗಾಯರಾಣ ಉಳಿಸಿದರೆ ಉಳಿದರ್ಧ.

ತೀರ್ಪು ನಿಮ್ಮದು

ಹಾಗಾದರೆ ತೋಳಕ್ಕೆ ಅಂಟಿದ ಹೆಸರು ಖರೆಯೋ, ಸುಳ್ಳೋ?

ನನ್ನ ಪ್ರಕಾರ, ನಾಲ್ಕಾಣೆ ಖರೆ, ಹನ್ನೆರಡಾಣೆ ಕತೆ. ಕುರಿ ಒಯ್ಯುತ್ತದೆ, ಅದು ಖರೆ. ಹಸಿವು, ರೋಗ, ಜಾಗದ ಇಕ್ಕಟ್ಟು ಸೇರಿದ ಕಡೆ ಅಪರೂಪಕ್ಕೆ ಮನುಷ್ಯನ ಮೇಲೂ ಬೀಳುತ್ತದೆ, ಅದೂ ಖರೆ. ಹಾಗಾಗಿ ಮರಿ ಹಾಕಿದ ಗೂಡಿನ ಹತ್ತಿರ ಸೆಲ್ಫಿಗೆ ಹೋಗುವ ಹುಂಬತನ ಬೇಡ. ಮಕ್ಕಳನ್ನು ಮುಸ್ಸಂಜೆ ಬಯಲಲ್ಲಿ ಒಂಟಿ ಬಿಡುವುದೂ ಬೇಡ. ಆದರೆ ರಕ್ತಪಿಪಾಸು, ಮೋಸಗಾರ, ಹುಟ್ಟಾ ದುಷ್ಟ ಅನ್ನುವುದೆಲ್ಲ ನಾವು ಬಳಿದ ಬಣ್ಣ.

ಒಂದು ಮಾತು ನಮ್ಮ ವಯಸ್ಸಿನ ಹುಡುಗರಿಗೇ. ಹೀರೋ ಕಟೌಟಿಗೆ ಹಾಲು ಹಾಕಲು ಬೆಳಗಿನ ಜಾವ ನಾಲ್ಕಕ್ಕೆ ಏಳುವ ಶಕ್ತಿ ನಮಗಿದೆ. ಬೈಕಿನಲ್ಲಿ ತೋಳವನ್ನು ಹೊಲದಲ್ಲೆಲ್ಲ ಅಟ್ಟಿಸಿಕೊಂಡು ಹೋಗಿ ವೀಡಿಯೋ ಮಾಡಿ ಸ್ಟೇಟಸ್ ಹಾಕುವವರೂ ನಮ್ಮಂಥ ಹುಡುಗರೇ. ಹತ್ತು ಜನ ಬೈಕ್ ಏರಿ 20 ಕಿಲೋದ ಪ್ರಾಣಿಯನ್ನು ಅಟ್ಟುವುದು ಯಾವ ಸಿನಿಮಾದಲ್ಲಿ ಹೀರೋ ಮಾಡುವ ಕೆಲಸ? ಆ ಸೀನು ಬಂದರೆ ಗಾಂಧಿ ಕ್ಲಾಸಿನವರು ಯಾರ ಪರ ಸಿಳ್ಳೆ ಹೊಡೆದಾರು, ನೀವೇ ಹೇಳಿ. ಗೂಡಿಗೆ ಹೊಗೆ ಹಾಕುವುದು ಕಂಡರೆ, ವಿಷದ ಕುರಿ ಕಂಡರೆ ಅರಣ್ಯ ಇಲಾಖೆಯವರಿಗೆ ಒಂದು ಫೋನು ಮಾಡಿ. ಕುರಿ ಕಳೆದುಕೊಂಡ ಅಜ್ಜನ ಅರ್ಜಿ ಬರೆದುಕೊಡಿ, ಅವರ ಜೊತೆ ಆಫೀಸಿಗೆ ಒಂದು ಸಲ ಹೋಗಿಬನ್ನಿ. ಇವೆರಡೂ ಒಂದೇ ಕೆಲಸದ ಎರಡು ಭಾಗ.

ತೆರೆಯ ಮೇಲಿನ ಖಳನಾಯಕ ಸತ್ತರೆ ಲೈಟು ಹತ್ತಿ ನಾವೆಲ್ಲ ಮನೆಗೆ ಹೋಗುತ್ತೇವೆ. ಮರುದಿನ ಅದೇ ನಟ ಬೇರೆ ಸೆಟ್ಟಿನಲ್ಲಿ ನಗುತ್ತ ಚಹಾ ಕುಡಿಯುತ್ತಿರುತ್ತಾನೆ. ಈ ಬಯಲಿನ ಖಳನಾಯಕ ಸತ್ತರೆ ಎರಡನೇ ಆಟ ಇರುವುದಿಲ್ಲ, ಗೆಳೆಯರೇ!